ಕೊರಳಲ್ಲಿ ಎನ್‌ಎ

ನಾಲ್ಕಾರು ವರ್ಷ ಕೆಲಸ ಬಿಟ್ಟಿದ್ದು ಮತ್ತೆ ಹುಡುಕಲು ಹೊರಟವರಿಗೆ ಸಿಗುವ ಉಚಿತ ಸಲಹೆ ಒಂದೇ: "ಮನೇಲಿ ಕೂತರೆ ಆಗಲ್ಲ, ಹೋಗಿ ನಾಲ್ಕು ಜನರನ್ನ ಭೇಟಿ ಮಾಡಿ." ಆ ನಾಲ್ಕು ಜನ ಸಿಗುವ ನೆಟ್‌ವರ್ಕಿಂಗ್ ಸಮಾರಂಭಕ್ಕೆ, ಅಂದರೆ ಕಸುಬಿನವರ ಪರಿಚಯಕೂಟಕ್ಕೆ, ಹೋಗುವ ಮೊದಲು ಒಂದು ಫಾರ್ಮ್ ತುಂಬಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೆಸರು, ಇಮೇಲ್, ಮೊಬೈಲ್, ಇಷ್ಟು ಸಲೀಸು. ನಾಲ್ಕನೆಯದು "ಸಂಸ್ಥೆ", ಪಕ್ಕದಲ್ಲೊಂದು ಕೆಂಪು ನಕ್ಷತ್ರ. ಖಾಲಿ ಬಿಟ್ಟರೆ ಫಾರ್ಮ್ ಮುಂದಕ್ಕೆ ಹೋಗದು. ಚುಕ್ಕಿ ಇಟ್ಟು ಯಾಮಾರಿಸೋಣವೆಂದರೆ ಕನಿಷ್ಠ ಎರಡಕ್ಷರ ಬೇಕಂತೆ! ಉದ್ಯೋಗಿಗಳ ಜಾಲತಾಣ ಲಿಂಕ್ಡ್‌ಇನ್ ಕೂಡ 2022ರಲ್ಲೇ "ಕರಿಯರ್ ಬ್ರೇಕ್" (ಕೆಲಸದ ನಡುವಿನ ಬಿಡುವು) ಎಂದು ನಮೂದಿಸಲು ಬೇರೆ ಜಾಗ ಮಾಡಿಕೊಟ್ಟಿದೆ. ಈ ಫಾರ್ಮ್ ಬರೆದ ಪುಣ್ಯಾತ್ಮನಿಗೆ ಸುದ್ದಿ ಮುಟ್ಟಿಲ್ಲ. ಸಿಟ್ಟಿಗೆ "ಎನ್‌ಎ", ಅಂದರೆ ಅನ್ವಯಿಸುವುದಿಲ್ಲ, ಎಂದು ಒತ್ತಿ ಕಳಿಸುತ್ತೀರಿ.

ಆ ಎರಡಕ್ಷರ ಅಲ್ಲಿಗೇ ಬಿಡುವುದಿಲ್ಲ. ಸಮಾರಂಭದ ಬಾಗಿಲಲ್ಲಿ ಬ್ಯಾಡ್ಜ್ ಕೈಗೆ ಬರುತ್ತದೆ. ಹೆಸರು ಸಣ್ಣಗೆ, ಅದರ ಕೆಳಗೆ ದಪ್ಪಗೆ, ಕಪ್ಪಗೆ: ಎನ್‌ಎ.

ಇಂಥ ಕಡೆ ಜನರ ಕಣ್ಣು ಹೋಗುವ ದಾರಿ ಗೊತ್ತಿರುವುದೇ. ಮೊದಲು ಮುಖ, ಆಮೇಲೆ ಬ್ಯಾಡ್ಜ್‌ನ ಎರಡನೇ ಸಾಲು, ಆಮೇಲೆ ನಿಮ್ಮ ಹೆಗಲಾಚೆ ಇನ್ಯಾರಾದರೂ ಸಿಕ್ಕಾರೇ ಎಂದು. ಮೂರೂ ಸೇರಿ ಒಂದು ಉಸಿರಿನಷ್ಟು ಹೊತ್ತು. ಆದರೆ ಎಲ್ಲ ಸಭೆಯಲ್ಲೂ ಒಬ್ಬರಿರುತ್ತಾರೆ, ಎಲ್ಲ ಕಂಪನಿಗಳೂ ತಮಗೆ ಗೊತ್ತು ಎನ್ನುವವರು. ಅವರು ಬ್ಯಾಡ್ಜ್ ಓದಿ ಅರಳುತ್ತಾರೆ.

"ಓ, ಎನ್‌ಎ! ನಾರ್ತ್ ಅಮೆರಿಕಾ ಟೀಮಾ?"

"ಅಲ್ಲ ಸರ್, ನಾಟ್ ಅಪ್ಲಿಕಬಲ್."

"ಹೌದಾ? ಸ್ಟಾರ್ಟಪ್ಪಾ?"

"ಇಲ್ಲ ಸರ್, ಅಂದ್ರೆ... ಏನೂ ಇಲ್ಲ."

"ಗೊತ್ತಾಯ್ತು, ಗೊತ್ತಾಯ್ತು. ಇನ್ನೂ ಹೊರಗೆ ಹೇಳೋ ಹಾಗಿಲ್ಲ ಅಲ್ವಾ? ಫಂಡಿಂಗ್ ಆಯ್ತಾ?"

ಇಷ್ಟಕ್ಕೇ ಬಿಡುವವರಲ್ಲ. ಪಕ್ಕದವರನ್ನು ಕರೆದು "ಇವರು ಎನ್‌ಎ ಅವರು" ಎಂದು ಪರಿಚಯಿಸುತ್ತಾರೆ. ಆ ಪಕ್ಕದವರು "ಕೇಳಿದ್ದೀನಿ" ಎಂದು ತಲೆಯಾಡಿಸುತ್ತಾರೆ. ಒಂದು ಗಂಟೆಯೊಳಗೆ ಎನ್‌ಎ ಕಂಪನಿಗೆ ಆ ಹಾಲ್‌ನಲ್ಲಿ ಒಳ್ಳೆಯ ಹೆಸರು. ನಿಮಗೆ ಮಾತ್ರ ಕೆಲಸ ಇಲ್ಲ.

ಇದಕ್ಕೆ ಮದ್ದು ಸುಲಭ. ಸಂಸ್ಥೆಯ ಜಾಗದಲ್ಲಿ ಕಸುಬು ಬರೆಯಿರಿ: "ಅಕೌಂಟ್ಸ್, ಆಡಿಟ್" ಅಥವಾ "ಸಾಫ್ಟ್‌ವೇರ್ ಟೆಸ್ಟಿಂಗ್". ಹೇಗೂ ಜನರ ನೆನಪಿನಲ್ಲಿ ನಿಲ್ಲುವುದು ಅದೇ. 1987ರಲ್ಲಿ ಮನಶ್ಶಾಸ್ತ್ರಜ್ಞರು ಮುಖದ ಜೊತೆ "ಬೇಕರ್" ಎಂಬ ಒಂದೇ ಪದವನ್ನು ಕೆಲವರಿಗೆ ಮನೆತನದ ಹೆಸರೆಂದೂ ಕೆಲವರಿಗೆ ಉದ್ಯೋಗವೆಂದೂ ಕಲಿಸಿ ನೋಡಿದರು. ಉದ್ಯೋಗವಾದಾಗ ಸುಲಭವಾಗಿ ನೆನಪಿಗೆ ಬಂತು, ಹೆಸರಾದಾಗ ಹೆಚ್ಚು ಸಲ ಕೈಕೊಟ್ಟಿತು. ಪದ ಅದೇ!

ಬ್ಯಾಡ್ಜ್‌ನ ವಿಷಯ ಇನ್ನೂ ಇದೆ. ಒಂದೇ ಕೊಕ್ಕೆಗೆ ನೇತುಬಿದ್ದದ್ದು ತಿರುಗಿಯೇ ತಿರುಗುತ್ತದೆ, ಅದೂ ಬೇಕಾದವರು ಎದುರಿಗೆ ಬಂದಾಗಲೇ. ಹಿಂಬದಿಯಲ್ಲೂ ಪೆನ್ನಿನಿಂದ ಹೆಸರು ಬರೆದುಕೊಳ್ಳಿ. ದಾರ ಉದ್ದವಾಗಿ ಬ್ಯಾಡ್ಜ್ ಹೊಟ್ಟೆಯ ಮೇಲೆ ಕೂತರೆ, ಓದುವವರು ನಿಮ್ಮ ಹೊಟ್ಟೆಗೆ ನಮಸ್ಕಾರ ಹೇಳಿದಂತಾಗುತ್ತದೆ. ಕತ್ತಿನ ಹಿಂದೆ ದಾರಕ್ಕೊಂದು ಗಂಟು ಹಾಕಿ ಎದೆಯ ಮಟ್ಟಕ್ಕೆ ತನ್ನಿ. ಅಂಟಿಸುವ ಚೀಟಿಯಾದರೆ ಬಲಗಡೆಗೆ. ಕೈಕುಲುಕಿದವರ ಕಣ್ಣು ಬಲತೋಳಿನ ಗುಂಟ ಮೇಲೆ ಬಂದು ಅಲ್ಲಿಗೇ ತಲುಪುತ್ತದೆ. ಲೋಟ ಎಡಗೈಲಿರಲಿ. ಬಲಗೈ ಒದ್ದೆಯಿದ್ದರೆ ಕುಲುಕಿದವರು ಅದನ್ನು ನಿಮ್ಮ ಹೆದರಿಕೆಯ ಲೆಕ್ಕಕ್ಕೆ ಹಾಕುತ್ತಾರೆ.

ಶುರುವಾಗುವ ಹದಿನೈದು ನಿಮಿಷ ಮೊದಲೇ ಹೋಗಿ. ತಡವಾದಷ್ಟೂ ಗದ್ದಲ. ಸುತ್ತ ಸದ್ದು ಹೆಚ್ಚಿದರೆ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ ಎಂದು ಫ್ರಾನ್ಸಿನ ವೈದ್ಯ ಲೊಂಬಾರ್ಡ್ 1911ರಲ್ಲೇ ಬರೆದಿಟ್ಟಿದ್ದಾನೆ. ಒಬ್ಬರು ಏರಿಸಿದ್ದಕ್ಕೆ ಇನ್ನೊಬ್ಬರು, ಅವರಿಗಾಗಿ ಮತ್ತೊಬ್ಬರು. ಆ ಸಂತೆಯಲ್ಲಿ ನೀವು "ಬ್ರೇಕ್‌ನಲ್ಲಿದ್ದೆ" ಎಂದರೆ ಎದುರಿನವರಿಗೆ "ಬ್ಯಾಂಕ್‌ನಲ್ಲಿದ್ದೆ" ಎಂದು ಕೇಳಿ, "ಯಾವ ಬ್ರಾಂಚು?" ಎನ್ನುತ್ತಾರೆ. ಗುಂಪಿಗೆ ಸೇರುವ ಮೊದಲು ಪಾದ ನೋಡಿ. ಇಬ್ಬರು ಎದುರುಬದುರು ನಿಂತು ನಾಲ್ಕೂ ಪಾದ ಒಳಮುಖವಾಗಿದ್ದರೆ ಅದು ಮುಚ್ಚಿದ ಬಾಗಿಲು. ಮೂವರಿದ್ದು ಒಬ್ಬರ ಒಂದು ಪಾದ ಹೊರಗೆ ತಿರುಗಿದ್ದರೆ ಅಲ್ಲೊಂದು ಜಾಗ ಖಾಲಿಯಿದೆ.

"ಈಗ ಏನ್ ಮಾಡ್ಕೊಂಡಿದೀರಾ?" ಬಂದೇ ಬರುತ್ತದೆ. ಉತ್ತರ ಮೂರು ವಾಕ್ಯ ಮೀರಬಾರದು: ಮೊದಲು ಮಾಡುತ್ತಿದ್ದದ್ದು, ನಡುವೆ ಬಿಟ್ಟದ್ದು, ಈಗ ಹುಡುಕುತ್ತಿರುವುದು. "ಎಂಟು ವರ್ಷ ಆಡಿಟ್‌ನಲ್ಲಿದ್ದೆ. ತಂದೆಯನ್ನು ನೋಡಿಕೊಳ್ಳಲು ಮೂರು ವರ್ಷ ಬಿಟ್ಟಿದ್ದೆ. ಈಗ ಇಂಟರ್ನಲ್ ಆಡಿಟ್ ಕೆಲಸ ನೋಡ್ತಿದೀನಿ." ಕೆಡುವುದು ನಡುವಿನ ವಾಕ್ಯದಲ್ಲೇ. ಅದಕ್ಕೆ "ಆದರೆ", "ಏನಾಯ್ತು ಅಂದ್ರೆ" ಸೇರಿದವೆಂದರೆ ಆಸ್ಪತ್ರೆ, ಡಿಸ್ಚಾರ್ಜ್, ಮೆಟ್ಟಿಲು ಹತ್ತಲಾಗದ್ದು ಎಲ್ಲವೂ ಬಂದು, ಕೊನೆಗೆ ಎದುರಿನವರೇ ನಿಮಗೆ ಸಮಾಧಾನ ಹೇಳುವಂತಾಗುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಇಪ್ಪತ್ತು ಸೆಕೆಂಡ್ ದಾಟಿದರೆ ಕತ್ತರಿಸಿ.

ಇಷ್ಟೆಲ್ಲ ಒದ್ದಾಡುವುದು ಪರಿಚಯವಿಲ್ಲದವರಿಗಾಗಿಯೇ ಎಂದೇನಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೋವೆಟರ್ 1973ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. ಪರಿಚಿತರ ಮೂಲಕ ಕೆಲಸ ಹಿಡಿದವರಲ್ಲಿ, ಆ ಪರಿಚಿತರನ್ನು ಆಗಾಗ ನೋಡುತ್ತಿದ್ದವರು ಶೇ. 16.7 ಮಾತ್ರ. ಯಾವಾಗಲಾದರೊಮ್ಮೆ ನೋಡುತ್ತಿದ್ದವರು ಶೇ. 55.6, ವರ್ಷಕ್ಕೊಮ್ಮೆ ಕಂಡರೆ ಹೆಚ್ಚು ಎನ್ನುವವರು ಶೇ. 27.8. ದಿನಾ ಜೊತೆಗಿರುವವರಿಗೆ ನಿಮಗೆ ಗೊತ್ತಿರುವುದೇ ಗೊತ್ತು. ಹೊಸ ಸುದ್ದಿ ಇರುವುದು ದೂರದವರ ಬಳಿ. ಹಾಗಾಗಿ ಹಳೆಯ ಸಹೋದ್ಯೋಗಿಗಳ ಇಪ್ಪತ್ತು ಹೆಸರು ಬರೆದು, ಹೋಗುವ ಮೊದಲೇ "ನೀವೂ ಬರ್ತೀರಾ?" ಎಂದು ಕೇಳಿಟ್ಟುಕೊಳ್ಳಿ.

ಅವರಲ್ಲೊಬ್ಬರು ಬಂದೇ ಬರುತ್ತಾರೆ. ಕೂದಲು ಒಂದಿಷ್ಟು ಬೆಳ್ಳಗಾಗಿರುತ್ತದೆ. ಬ್ಯಾಡ್ಜ್ ಕಡೆ ನೋಡುವುದೇ ಇಲ್ಲ. "ನೀನು ಹೋದ ಮೇಲೆ ಆ ಮೂಲೆ ಪ್ರಿಂಟರ್ ಯಾರ ಮಾತೂ ಕೇಳ್ಲಿಲ್ಲ ನೋಡು" ಎನ್ನುತ್ತಾರೆ. ಪ್ರಿಂಟರಿನ ಯಾವ ಪಕ್ಕಕ್ಕೆ ತಟ್ಟಬೇಕಿತ್ತೆಂದು ಕೈಗೆ ಇನ್ನೂ ನೆನಪಿರುತ್ತದೆ. ಗಂಟಲು ಸ್ವಲ್ಪ ಕಟ್ಟಿದರೆ ಗದ್ದಲದ ಮೇಲೆ ಹಾಕಿ.

ವಿಸಿಟಿಂಗ್ ಕಾರ್ಡಿಗೆ ಎರಡು ಜೇಬು ಬೇಕು: ನಿಮ್ಮದು ಬಲಕ್ಕೆ, ಪಡೆದದ್ದು ಎಡಕ್ಕೆ. ಒಂದೇ ಜೇಬಾದರೆ ಯಾರದೋ ಮಾರ್ಕೆಟಿಂಗ್ ಮ್ಯಾನೇಜರ್ ಕಾರ್ಡನ್ನು ನಿಮ್ಮದೆಂದು ಹಂಚಿ ಬರುತ್ತೀರಿ. ಕ್ಯೂಆರ್ ಕೋಡ್ ತೋರಿಸುವವರು ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಹಾಲ್ ಒಳಗೆ ನೆಟ್‌ವರ್ಕ್ ಇರುವುದಿಲ್ಲ. ನೆಟ್‌ವರ್ಕಿಂಗ್ ಮಾಡುವ ಕಡೆಯೇ ಇರುವುದಿಲ್ಲ, ಏನು ಹೇಳೋಣ.

ಮೆಸೇಜ್ ಎರಡು ದಿನದೊಳಗೆ ಹೋಗಲಿ. ಕೆಲಸ ಕೇಳಬೇಡಿ, ಇಪ್ಪತ್ತು ನಿಮಿಷ ಮಾತಾಡಲು ಸಮಯ ಕೇಳಿ. "ನಿನ್ನೆ ಭೇಟಿಯಾಗಿದ್ದೆವು" ಎಂದಷ್ಟೇ ಬರೆದರೆ ಅವರಿಗೆ ಏನೂ ಹೊಳೆಯದು, ನಿನ್ನೆ ಅವರು ನಲವತ್ತು ಜನರನ್ನು ಭೇಟಿಯಾಗಿದ್ದರು. "ನಿಮ್ಮ ಬ್ಯಾಡ್ಜ್ ದಾರಕ್ಕೆ ಗಂಟು ಹಾಕಿಕೊಟ್ಟಿದ್ದು ನಾನೇ" ಎಂದು ಬರೆಯಿರಿ, ಉತ್ತರ ಬರುತ್ತದೆ.