ಬಂದವರಿಗೆ ಕೊಟ್ರಿ, ಸರಿ. ಬರದವರಿಗೆ?

ನಿನ್ನೆ ವಿಜಯಪುರದಲ್ಲಿ ಮಕ್ಕಳ ಪೌಷ್ಟಿಕತೆ ಬಗ್ಗೆ ಒಂದು ಕಾರ್ಯಕ್ರಮ ಇತ್ತು. ಹಾರ, ಶಾಲು, ಭಾಷಣ ಎಲ್ಲ ಬಹಳ ಪೌಷ್ಟಿಕವಾಗಿತ್ತು. ಒಬ್ಬ ಹಿರಿಯರು ಕೊರೊನಾ ಕಾಲದ ಸಾಧನೆ ಹೇಳುತ್ತಾ ಪರದೆಯ ಮೇಲೆ ಶೇಕಡಾ 100 ಅಂತ ತೋರಿಸಿದರು. ಶಾಲೆ ಮುಚ್ಚಿದ್ದರೂ ಬಿಸಿಯೂಟದ ಬದಲು ಮನೆಗೆ ಕೊಟ್ಟ ಅಕ್ಕಿ, ಬೇಳೆಯಲ್ಲಿ ಒಂದು ಮಗುವಿನ ಪಾಲೂ ತಪ್ಪಲಿಲ್ಲವಂತೆ. ಚಹಾಕ್ಕೆ ಬಿಟ್ಟಾಗ ಹೋಗಿ ಕೇಳಿದೆ, "ಸರ, ಕಬ್ಬು ಕಡಿಯಾಕ ಹೋದವರ ಮಕ್ಕಳಿಗೆ ಹೆಂಗ ಮುಟ್ಟಿಸಿದ್ರಿ?" "ಬಂದವರಿಗೆಲ್ಲ ಕೊಟ್ಟೀವಲ್ರಿ ಅಕ್ಕೋರ" ಅಂದವರು ಮಿರ್ಚಿ ಕಡೆ ಕೈ ಚಾಚಿದರು.

ಬಂದವರಿಗೆಲ್ಲ ಕೊಟ್ಟೀವಿ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ನಮ್ಮ ಶಾಲೆ ಎಂಥದ್ದು ಅಂತ ಇಲ್ಲಿರುವವರಿಗೆ ಗೊತ್ತು. ತಾಂಡಾದ ಮಕ್ಕಳೇ ಜಾಸ್ತಿ. ದೀಪಾವಳಿ ಮುಗಿದರೆ ಅರ್ಧ ಬೆಂಚು ಖಾಲಿ. ಅಪ್ಪ ಅವ್ವ ಕಬ್ಬಿನ ಗ್ಯಾಂಗಿಗೆ ಹೋದರೆ ಮಕ್ಕಳೂ ಹಿಂದೆಯೇ ಹೋಗುತ್ತಾರೆ. ಕೆಲವರು ಬೆಳಗಾವಿ ಕಡೆ, ಕೆಲವರು ಮಹಾರಾಷ್ಟ್ರಕ್ಕೆ. ಇನ್ನು ಕೆಲವರು ಗೋವಾಕ್ಕೆ, ಕಟ್ಟಡದ ಕೆಲಸಕ್ಕೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಇವರಲ್ಲಿ ಎಷ್ಟೋ ಮಂದಿ ಇದ್ದಲ್ಲೇ ಸಿಕ್ಕಿಬಿದ್ದರು. ಮಕ್ಕಳ ಹೆಸರು ನಮ್ಮ ಹಾಜರಿ ಪುಸ್ತಕದಲ್ಲಿತ್ತು, ಹೊಟ್ಟೆ ಮಾತ್ರ ಇನ್ಯಾವುದೋ ಊರಿನ ಹೊಲದಲ್ಲಿತ್ತು. ಆಮೇಲೆ ಶಾಲೆಗೆ ಅಕ್ಕಿ, ಬೇಳೆ ಬಂತು, ಅದೂ ಎಷ್ಟೋ ತಿಂಗಳ ಪಾಲು ಒಟ್ಟಿಗೆ. ಪಾಲಕರು ಬಂದು ಸಹಿ ಮಾಡಿ ಒಯ್ಯಬೇಕಿತ್ತು. ಯಾರು ಬಂದರು? ಊರಲ್ಲೇ ಇದ್ದವರು, ಸ್ವಲ್ಪ ಹೊಲ ಇದ್ದವರು, ಚೀಲ ಹೇರಿಕೊಂಡು ಹೋಗಲು ಬೈಕ್ ಇದ್ದವರು. ಅವರಿಗೆ ಸಿಕ್ಕಿದ್ದು ತಪ್ಪು ಅನ್ನುತ್ತಿಲ್ಲ, ಅದು ಅವರ ಹಕ್ಕು. ಆದರೆ ಯಾರಿಗೆ ಎಲ್ಲರಿಗಿಂತ ಮೊದಲು ಮುಟ್ಟಬೇಕಿತ್ತೋ ಅವರೇ ಆ ಸಾಲಿನಲ್ಲಿ ಇರಲಿಲ್ಲ.

ಕಾನೂನು ಇರಲಿಲ್ವಾ? ಇತ್ತಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಆರು ತಿಂಗಳ ಕೂಸಿನಿಂದ ಹದಿನಾಲ್ಕು ವರ್ಷದವರೆಗೆ ಊಟ ಮಗುವಿನ ಹಕ್ಕು, ಊಟ ಕೊಡಲು ಆಗದಿದ್ದರೆ ಅದರ ಬದಲು ಭತ್ಯೆ ಕೊಡಬೇಕು ಅಂತಲೂ ಇದೆ. ಶಾಲೆ, ಅಂಗನವಾಡಿ ಮುಚ್ಚಿದ ಮೇಲೆ ಮಕ್ಕಳ ಊಟದ ಗತಿ ಏನು ಅಂತ ಸುಪ್ರೀಂ ಕೋರ್ಟ್ 2020ರ ಮಾರ್ಚ್ 18ರಂದೇ, ಅಂದರೆ ಲಾಕ್‌ಡೌನ್‌ಗೂ ಮೊದಲೇ, ತಾನಾಗಿ ರಾಜ್ಯಗಳನ್ನು ಕೇಳಿತ್ತು.

ಇನ್ನೊಂದು ಮಾತು. ಬಂದವರ ಮನೆಯಲ್ಲಾದರೂ ಮಗುವಿಗೆ ಸಿಕ್ಕಿತಾ? ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟಕ್ಕೆ 150 ಗ್ರಾಂ ಅಂತ ಲೆಕ್ಕ. ಶಾಲೆಯಲ್ಲಿ ಅದು ಬಿಸಿ ಅನ್ನ ಸಾರಾಗಿ ಮಗುವಿನ ತಟ್ಟೆಗೇ ಬೀಳುತ್ತದೆ, ತಿನ್ನುವುದನ್ನು ನಾವು ಕಣ್ಣಾರೆ ನೋಡುತ್ತೇವೆ. ಮನೆಗೆ ಹೋದರೆ ಅದು ಆರು ಜನರ ಡಬ್ಬಿಯ ಅಕ್ಕಿ. ದುಡಿಮೆ ನಿಂತ ಮನೆಯಲ್ಲಿ ಅವ್ವ ಏನು ಮಾಡಬೇಕು, ನಿನ್ನ ಪಾಲು ಇದು ಅಂತ ಒಂದೇ ಮಗುವಿಗೆ ಬೇರೆ ಅಡುಗೆ ಮಾಡ್ತಾಳಾ? ಎಲ್ಲರಿಗೂ ಒಂದೇ ಅಳತೆ ಅಳೆದುಬಿಟ್ಟರೆ ಸಮಾನತೆ ಆಯ್ತು ಅಂತ ಅಂದುಕೊಂಡವರಿಗೆ ಒಂದು ದಿನ ಆ ಡಬ್ಬಿ ತೋರಿಸಬೇಕು. ಕಡಿಮೆ ಫೀಸಿನ ಖಾಸಗಿ ಶಾಲೆಗೆ ಹೋಗುವ ಆಟೊದವರ, ಹೋಟೆಲ್ ಕೆಲಸದವರ ಮಕ್ಕಳಿಗಂತೂ ಅಳತೆಯೂ ಇಲ್ಲ. ಬಿಸಿಯೂಟ ಸರ್ಕಾರಿ, ಅನುದಾನಿತ ಶಾಲೆಗಳಿಗೆ ಮಾತ್ರ. ಅವರ ಅಪ್ಪಂದಿರ ದುಡಿಮೆಯನ್ನು ಕೊರೊನಾ ಬಿಟ್ಟಿತ್ತಾ?

ಈಗ ಕಮೆಂಟಿನಲ್ಲಿ ಬರುವ ಮಾತು ಗೊತ್ತು. "ಆಗಿನ ಪರಿಸ್ಥಿತಿ ಹಂಗಿತ್ರಿ, ಎಲ್ಲರಿಗೂ ಜೀವಭಯ, ಮನೆಮನೆಗೆ ಹೋಗಿ ಕೊಡೋಕಾಗ್ತಿತ್ತಾ?" ಆಗ್ತಿತ್ತು. ಅಂಗನವಾಡಿ ಮಕ್ಕಳ ಊಟವನ್ನು ಕೇರಳದವರು ಆ ಮಾರ್ಚ್‌ನಲ್ಲೇ ಮನೆಗೆ ಮುಟ್ಟಿಸಿದರು. ಅಷ್ಟು ದೂರ ಯಾಕೆ, ನಮ್ಮಲ್ಲೇ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಜ್ವರ ಇದೆಯಾ, ಕೆಮ್ಮು ಇದೆಯಾ ಅಂತ ಮನೆಮನೆ ಸುತ್ತಲಿಲ್ವಾ? ಬೇರೆ ರಾಜ್ಯದಿಂದ ಯಾರು ಬಂದರು, ಎಲ್ಲಿ ಉಳಿದರು ಅನ್ನುವ ಪಟ್ಟಿ ತಯಾರಾಗಲಿಲ್ವಾ? ಕ್ವಾರಂಟೈನ್ ಮಾಡಲು ಸಿಕ್ಕ ಮನುಷ್ಯ ಬೇಳೆ ಕೊಡಲು ಮಾತ್ರ ಸಿಗುವುದಿಲ್ಲ! ಆ ಹೆಣ್ಣುಮಕ್ಕಳ ಮೇಲೆ ಇನ್ನಷ್ಟು ಭಾರ ಹೊರಿಸಿ ಅಂತ ನಾನು ಹೇಳುತ್ತಿಲ್ಲ. ಬಿಸಿಯೂಟದ ಅಡುಗೆಯವರು ಸುಮ್ನೆ ಮನೆಯಲ್ಲಿ ಕೂತಿದ್ದರು, ಆಗ ತಿಂಗಳಿಗೆ ಮೂರು ಸಾವಿರಕ್ಕೂ ಕಡಿಮೆ ಗೌರವಧನ ಇದ್ದವರು. ಅವರ ಕೈಗೆ ಇನ್ನಷ್ಟು ದುಡ್ಡು ಕೊಟ್ಟು ಈ ಕೆಲಸ ಒಪ್ಪಿಸಬಹುದಿತ್ತು. ಯಾರಿಗೂ ಹೊಳೆಯಲಿಲ್ಲ.

ಅಲ್ಲ, ನಮ್ಮ ಜನರ ಗಮನ ಯಾವುದಕ್ಕೆ ಹೋಗುತ್ತೆ ನೋಡಿ. 2021ರ ಡಿಸೆಂಬರ್‌ನಲ್ಲಿ ಶಾಲೆಗಳಿಗೆ ಮೊಟ್ಟೆ ಬಂತು. ನಮ್ಮ ಜಿಲ್ಲೆಯೂ ಆ ಪಟ್ಟಿಯಲ್ಲಿತ್ತು. ಮಕ್ಕಳಿಗೆ ಹಬ್ಬ. ಹೊರಗೆ ಮಾತ್ರ ಏನು ಗಲಾಟೆ, ಏನು ಮನವಿಪತ್ರ! ಒಂದು ಮೊಟ್ಟೆಯಿಂದ ಧರ್ಮ ಕೆಡುತ್ತದೆ ಅಂದವರು ಅದಕ್ಕೂ ಮುಂಚೆ ಒಂದೂವರೆ ವರ್ಷ ಬಿಸಿಯೂಟದ ಒಲೆ ಆರಿದ್ದಾಗ ಎಲ್ಲಿದ್ದರೋ. ನಾನು ಮೊಟ್ಟೆ ತಿನ್ನುವವಳಲ್ಲ, ಆದರೂ ಸುಲಿದು ಕೊಟ್ಟಿದ್ದೇನೆ, ಏನೂ ಆಗಲಿಲ್ಲ.

ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು, ಶೇಕಡಾ 65.5ರಷ್ಟು ರಕ್ತಹೀನತೆ ಇರುವವರು ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ನಮ್ಮ ರಾಜ್ಯದಲ್ಲಿ ಅದು ನಡೆದದ್ದು 2019ರಲ್ಲಿ. ಕೊರೊನಾ ಇನ್ನೂ ನಮ್ಮ ಕಡೆ ಕಾಲಿಟ್ಟಿರಲಿಲ್ಲ!

ಇಷ್ಟೆಲ್ಲ ಆದ ಮೇಲೂ ಕಲಿತದ್ದೇನು? 2025ರ ಜುಲೈಯಿಂದ ಅಂಗನವಾಡಿಯಲ್ಲಿ ಮನೆಗೆ ಒಯ್ಯುವ ರೇಷನ್‌ಗೆ ಮುಖ ಸ್ಕ್ಯಾನ್ ಮಾಡಿಸಬೇಕು. ನೆಟ್‌ವರ್ಕ್ ಇಲ್ಲದ ತಾಂಡಾದಲ್ಲಿ ಕಾರ್ಯಕರ್ತೆ ಮೊಬೈಲ್ ಎತ್ತಿ ಹಿಡಿದು ಗುಡ್ಡ ಹತ್ತಬೇಕು. ಕಳ್ಳತನ ತಡೆಯಲಿಕ್ಕಂತೆ. ತಡೆಯಿರಿ, ಬೇಡ ಅಂದವರ್ಯಾರು? ಆದರೆ ನಾಳೆ ಇನ್ನೊಂದು ರೋಗ ಬಂದು ತಾಯಿ ಒಂದು ಕಡೆ, ಅಜ್ಜಿ ಕೈಯಲ್ಲಿ ಕೂಸು ಇನ್ನೊಂದು ಕಡೆ ಆದಾಗ ಯಾರ ಮುಖ ತೋರಿಸಬೇಕು? ಆಗಲೂ ಪರದೆ ಮೇಲೆ ಶೇಕಡಾ 100 ಬರುತ್ತದೆ, ನಾನು ಬರೆದುಕೊಡ್ತೀನಿ. ದೊಡ್ಡವರು ರೇಷನ್ ಕಾರ್ಡ್ ಹಿಡಿದು ದೇಶದಲ್ಲಿ ಎಲ್ಲಿ ಬೇಕಾದರೂ ಅಕ್ಕಿ ತಗೋಬಹುದು ಅಂತಾಯ್ತು. ಮಗುವಿನ ಬಿಸಿಯೂಟ ಮಾತ್ರ ಇನ್ನೂ ಹೆಸರಿರುವ ಶಾಲೆಯ ಗೋಡೆಗೇ ಅಂಟಿಕೊಂಡಿದೆ. ಇದನ್ನು ಬರೆದದ್ದಕ್ಕೆ ನೋಟಿಸ್ ಬಂದರೆ ಬರಲಿ.

ಈ ಸಲ ಗ್ಯಾಂಗಿನ ಜೊತೆ ಹೋಗುವ ನಮ್ಮ ಮಕ್ಕಳ ಪಟ್ಟಿ ಮಾಡಿ ಇಟ್ಟಿದ್ದೇನೆ, ಯಾವ ಕಾರ್ಖಾನೆ, ಯಾವ ಊರು ಅನ್ನುವುದರ ಸಮೇತ. ಅಥಣಿ, ರಾಯಬಾಗ, ಚಿಕ್ಕೋಡಿ, ಮುಧೋಳ, ಜಮಖಂಡಿ ಕಡೆ ಶಾಲೆಯಲ್ಲಿರುವ ಅಕ್ಕೋರು, ಸರ್‌ಗಳು ಇನ್‌ಬಾಕ್ಸ್‌ಗೆ ಬನ್ನಿ. ನಿಮ್ಮ ಊರಿನ ಹೊಲದ ಗುಡಿಸಲುಗಳಲ್ಲಿ ಅವರು ಸಿಗುತ್ತಾರೆ. ಮಧ್ಯಾಹ್ನ ನಿಮ್ಮ ಮಕ್ಕಳ ಜೊತೆ ಅವರನ್ನೂ ಕೂರಿಸಿಕೊಳ್ಳಿ. ಕಾಗದಪತ್ರ ಏನು ಬೇಕೋ ಹೇಳಿ, ನಾನು ಕಳಿಸ್ತೀನಿ.