ವಿವಾಲ್ಡಿಯ ಮರೆತ ಒರಟೋರಿಯೊ: ಪೂರ್ತಿ ಹಾಡಿಸಬೇಕೆ?

ಪರ: ಬರೆದ ವಾದ್ಯಗಳಲ್ಲೇ, ಒಂದು ಹಾಡೂ ಬಿಡದೆ

ವೆನಿಸ್‌ನ ಸಂಗೀತಕಾರ ವಿವಾಲ್ಡಿಯ ನಾಲ್ಕು ಒರಟೋರಿಯೊಗಳಲ್ಲಿ (ಅಭಿನಯವಿಲ್ಲದೆ ಹಾಡಿ ಹೇಳುವ ಧಾರ್ಮಿಕ ಕಥೆಗಳಲ್ಲಿ) ಸಂಗೀತ ಸಮೇತ ನಮಗೆ ದಕ್ಕಿದ್ದು ‘ಜುಡಿತಾ ಟ್ರಿಯುಂಫಾನ್ಸ್’ ಒಂದೇ. 1716ರಲ್ಲಿ ವೆನಿಸ್‌ನ ಪಿಯೆಟಾ ಅನಾಥಾಶ್ರಮದ ಹೆಣ್ಣುಮಕ್ಕಳು ಹಾಡಿ ನುಡಿಸಿದ ಕೃತಿ ಇದು. ತನ್ನ ಊರಿಗೆ ಮುತ್ತಿಗೆ ಹಾಕಿದ ಸೇನಾಪತಿ ಹೊಲೊಫೆರ್ನಿಸ್‌ನ ತಲೆಯನ್ನು ಜುಡಿತ್ ಎಂಬ ವಿಧವೆ ಕಡಿಯುವ ಬೈಬಲ್ ಕಥೆ. ಆಮೇಲೆ ಇನ್ನೂರು ವರ್ಷ ಯಾರೂ ಕೇಳಲಿಲ್ಲ. 1920ರ ದಶಕದಲ್ಲಿ ಹಸ್ತಪ್ರತಿ ಟ್ಯೂರಿನ್ ಗ್ರಂಥಾಲಯ ಸೇರಿದ ಮೇಲೆಯೇ ಜಗತ್ತಿಗೆ ಗೊತ್ತಾದದ್ದು. ಈಗಲಾದರೂ ಕತ್ತರಿ ಹಾಕದೆ ಹಾಡಿಸಬೇಕು.

ಇಲ್ಲಿ ವಾದ್ಯವೇ ಪಾತ್ರದ ಮನಸ್ಸು. ಜುಡಿತ್ ತನ್ನ ದಾಸಿಯನ್ನು ಜತೆಗೆ ಬಾ ಎಂದು ಕರೆಯುವಾಗ ಶಾಲ್ಯುಮೊ ಎಂಬ ಒಂಟಿ ರೀಡಿನ ಮೆದು ವಾದ್ಯ ಬೆಳವನ ಹಕ್ಕಿಯಾಗಿ ಗುಟುರುತ್ತದೆ. ಆಯುಷ್ಯ ಜಾರುತ್ತಿದೆ ಎನ್ನುವ ಹಾಡಿಗೆ ಮ್ಯಾಂಡೊಲಿನ್. ಹೊಲೊಫೆರ್ನಿಸ್ ಪ್ರೀತಿ ಬೇಡುವಾಗ ಓಬೋ, ಆರ್ಗನ್. ಸೇವಕರನ್ನು ಬೇಗ ಬನ್ನಿ ಎಂದು ಅವಸರಿಸುವ ಹಾಡಿಗೆ ನಾಲ್ಕು ಥಿಯೊರ್ಬೊ, ಅಂದರೆ ಉದ್ದ ಕತ್ತಿನ ಮೀಟುವಾದ್ಯ. ಶಾಲ್ಯುಮೊ ಜಾಗಕ್ಕೆ ಕ್ಲಾರಿನೆಟ್ ತಂದರೆ ಸ್ವರಗಳೆಲ್ಲ ಬರುತ್ತವೆ, ಹಕ್ಕಿ ಬರುವುದಿಲ್ಲ.

ಮ್ಯಾಂಡೊಲಿನ್ ಕೇಳಿಸುವುದಿಲ್ಲ ಎಂಬ ದೂರು ಹಳೆಯದು. ತಪ್ಪು ಕೂರಿಸುವುದರಲ್ಲಿದೆ. ವಾದಕರನ್ನು ಗಾಯಕಿಯ ಪಕ್ಕಕ್ಕೆ, ಮುಂದಕ್ಕೆ ತನ್ನಿ. ಪಿಟೀಲಿನವರು ಕಮಾನು ಕೆಳಗಿಟ್ಟು ಬೆರಳಲ್ಲಿ ಮೀಟಬೇಕೆಂದು ಹಸ್ತಪ್ರತಿಯಲ್ಲೇ ಇದೆ. ಸಾಲಿಗೆ ಇಬ್ಬರೇ ಇರಲಿ, ಮೈಕ್ ಬೇಡ. ಕೋರಸ್ಸಿಗೆ ಹೆಂಗಸರೇ ಇದ್ದರೆ ಗಂಡಸರ ತಗ್ಗು ದನಿಯ ಬಾಸ್ ಸಾಲನ್ನು ಒಂದು ಸ್ಥಾಯಿ ಮೇಲೆ ಹಾಡಿಸಿ. ಕೆಳಗಿನ ಸ್ವರವನ್ನು ವಯೊಲೋನ್ ಎಂಬ ದೊಡ್ಡ ತಂತಿವಾದ್ಯ, ಆರ್ಗನ್ ಹೇಗೂ ಹಿಡಿದಿರುತ್ತವೆ, ಸ್ವರಮೇಳ ತಲೆಕೆಳಗಾಗದು. ಮೊದಲಿನ ಸಿನ್ಫೋನಿಯಾ, ಅಂದರೆ ವಾದ್ಯಗಳ ಮುನ್ನುಡಿ, ಕಳೆದುಹೋಗಿದೆ. ಆರಂಭದ ಕೋರಸ್ ತುತ್ತೂರಿ, ಟಿಂಪನಿಗಳೊಡನೆ ಡಿ ಮೇಜರ್‌ನಲ್ಲಿರುವುದರಿಂದ ವಿವಾಲ್ಡಿಯದೇ ಡಿ ಮೇಜರ್ ಕೃತಿಯೊಂದನ್ನು ಮುಂದೆ ಜೋಡಿಸಿದರಾಯಿತು.

ತುರ್ಕರ ಸುಲ್ತಾನನ ವಿರುದ್ಧ ವೆನಿಸ್ ಮಾಡಿದ ಯುದ್ಧಪ್ರಚಾರ ಎಂದು ಮೂಗು ಮುರಿಯುವವರಿದ್ದಾರೆ. ಮುನ್ನೂರು ವರ್ಷದ ಹಿಂದಿನ ಸುಲ್ತಾನನಿಗೆ ಅಂಜಿ ಇಂಥ ವಾದ್ಯಗಳನ್ನು ಮೂಕ ಮಾಡಬೇಕೆ? ಬರೆದ ವಾದ್ಯಗಳಲ್ಲಿ, ಬರೆದಷ್ಟನ್ನೂ ಕೇಳಿಸಿ. ಕೇಳುಗರು ಬಂದೇ ಬರುತ್ತಾರೆ.

ವಿರೋಧ: ಆಯ್ದ ಭಾಗ ಸಾಕು

ಈ ಸಂಗೀತ ಚೆನ್ನಾಗಿಲ್ಲ ಎಂದು ವಾದಿಸುವುದು ನನ್ನಿಂದಾಗದು. ಪೂರ್ತಿ ಕೃತಿ ಬೇಡ ಎನ್ನುವುದಷ್ಟೇ ನನ್ನ ಮಾತು.

1716ರ ಬೇಸಿಗೆಯಲ್ಲಿ ತುರ್ಕರು ಕಾರ್ಫು ದ್ವೀಪಕ್ಕೆ ಮುತ್ತಿಗೆ ಹಾಕಿ ಆಗಸ್ಟ್‌ನಲ್ಲಿ ಹಿಮ್ಮೆಟ್ಟಿದರು. ಅದರ ಬೆನ್ನಿಗೇ ಬಂದ ಕೃತಿ ಇದು. ಹೊಲೊಫೆರ್ನಿಸ್ ಎಂದರೆ ಸುಲ್ತಾನ, ಜುಡಿತ್ ಎಂದರೆ ವೆನಿಸ್ ಎಂದು ಸಾಹಿತ್ಯದ ಜತೆಗಿನ ಪದ್ಯವೇ ಬಿಡಿಸಿ ಹೇಳುತ್ತದೆ. ಕೊನೆಯಲ್ಲಿ ಜುಡಿತ್‌ಳ ಊರಿನ ಮಹಾಯಾಜಕ ಓಝಿಯಾಸ್ ವೆನಿಸ್‌ನ ಗೆಲುವನ್ನು ಭವಿಷ್ಯ ನುಡಿಯುತ್ತಾನೆ, ಕೋರಸ್ ಜಯಕಾರ ಹಾಕುತ್ತದೆ. ಪುಸ್ತಿಕೆಯಲ್ಲಿ ಒಂದು ಪ್ಯಾರಾ ವಿವರಣೆ ಅಚ್ಚು ಹಾಕಿದರೆ ಆ ಜಯಕಾರ ತಗ್ಗುವುದಿಲ್ಲ.

ಖರ್ಚೂ ಇದೆ. ಜುಡಿತ್ ಕತ್ತಿ ಎತ್ತುವ ಮುನ್ನಿನ ಪ್ರಾರ್ಥನೆಗೆ ‘ವಿಯೋಲೆ ಆಲ್ ಇಂಗ್ಲೇಸೆ’ ಎಂಬ ಅಪರೂಪದ ವಾದ್ಯಗಳ ತಂಡವೇ ಬೇಕು. ಕೆಲವೇ ನಿಮಿಷ ನುಡಿಸುವವರಿಗೂ ಎಲ್ಲ ತಾಲೀಮಿನ ಸಂಭಾವನೆ ಕೊಡಬೇಕು. ಕರುಳಿನ ತಂತಿಗಳು ದೀಪದ ಕಾವಿಗೆ, ಸಭಾಂಗಣದ ತೇವಕ್ಕೆ ಶ್ರುತಿ ಬಿಡುತ್ತವೆ. ತಾವಾಗಿ ಮಿಡಿಯುವ ತರಫ್ ತಂತಿಗಳಿರುವ ವಯೋಲ ದಮೋರೆ ಎಂಬ ಕಮಾನುವಾದ್ಯ ಇದ್ದರಂತೂ ಎರಡು ಸಾಲು ತಂತಿ ಹೊಂದಿಸಬೇಕು, ಅಲ್ಲಿಯವರೆಗೆ ಕಥೆ ನಿಂತಿರುತ್ತದೆ. ಹೆಚ್ಚಿನ ಆರಿಯಾಗಳು (ಒಬ್ಬರೇ ಹಾಡುವ ಹಾಡುಗಳು) ಕೊನೆಗೆ ಮೊದಲ ಭಾಗಕ್ಕೆ ಮರಳುತ್ತವೆ. ಮರಳಿದಾಗ ಹೊಸ ಅಲಂಕಾರ ಕಟ್ಟಲು ಗಾಯಕಿಯರಿಗೆ ತಾಲೀಮು ಸಾಲದಿದ್ದರೆ, ಲ್ಯಾಟಿನ್ ತಿಳಿಯದ ಕೇಳುಗರಿಗೆ ಎರಡೂವರೆ ಗಂಟೆ ಭಾರವೇ.

ಶಾಲ್ಯುಮೊ, ಮ್ಯಾಂಡೊಲಿನ್, ಓಬೋ ಆರಿಯಾಗಳನ್ನೂ ಆ ಪ್ರಾರ್ಥನೆಯನ್ನೂ ಆಯ್ದು, ಒಂದು ಗಂಟೆಯ ಕಛೇರಿ ಮಾಡಿ. ಉಳಿದ ಹಣ ತಾಲೀಮಿಗಿರಲಿ.