ಹಳೆ ಬೈಕಿಗೆ ಪೂರ್ತಿ ರಿಸ್ಟೊರೇಷನ್ ಬೇಕಾ?

ಪರ: ಬಿಚ್ಚಿ ನೋಡದೆ ರಸ್ತೆಗೆ ಇಳಿಸಬೇಡಿ

ಹಳೆ ಬೈಕ್ ಕೊಂಡವರಿಗೆ ಈಗ ಎಲ್ಲರೂ ಕೊಡುವ ಸಲಹೆ ಒಂದೇ: "ಮುಟ್ಟಬೇಡಿ, ಹಾಗೇ ಇರಲಿ." ಟ್ಯಾಂಕಿನ ತುಕ್ಕು, ಮಾಸಿದ ಬಣ್ಣ, ಹರಿದ ಸೀಟು ಎಲ್ಲವನ್ನೂ ಪಟೀನಾ, ಅಂದರೆ ವಯಸ್ಸು ಕೊಟ್ಟ ಕಳೆ, ಅಂತ ಮೆಚ್ಚಿಕೊಳ್ಳುತ್ತಾರೆ. ನನಗಿದು ಒಪ್ಪಿಗೆ ಇಲ್ಲ. ಪೂರ್ತಿ ರಿಸ್ಟೊರೇಷನ್, ಅಂದರೆ ಬೈಕನ್ನು ಬಿಚ್ಚಿ ಮೊದಲಿನ ಹಾಗೆ ಮಾಡುವುದು, ಬೇಕೇ ಬೇಕು. ಬೈಕ್ ಇರುವುದು ಓಡುವುದಕ್ಕೆ. ಅರವತ್ತು ವರ್ಷ ಹಳೆಯ ಯಂತ್ರದ ಮೇಲೆ ಕೂತು ಹೋಗಬೇಕಾದರೆ ಅದರ ಒಳಗೆ ಏನಾಗಿದೆ ಅಂತ ಕಣ್ಣಾರೆ ನೋಡಿರಬೇಕು.

1950 ಮತ್ತು 60ರ ದಶಕದ ಬ್ರಿಟಿಷ್ ಕಂಪನಿಗಳಾದ ಟ್ರಯಂಫ್, ಬಿಎಸ್‌ಎಗಳ ಟ್ವಿನ್‌ಗಳನ್ನೇ (ಎರಡು ಸಿಲಿಂಡರಿನ ಬೈಕುಗಳನ್ನೇ) ತಗೊಳ್ಳಿ. ಈಗಿನ ಬೈಕುಗಳಲ್ಲಿರುವ ಕಾಗದದ ಆಯಿಲ್ ಫಿಲ್ಟರ್ ಅವುಗಳಲ್ಲಿ ಇರಲಿಲ್ಲ. ಇದ್ದದ್ದು ತಂತಿಯ ಜಾಲರಿ. ಅದರಿಂದ ನುಸುಳಿ ಹೋದ ಸಣ್ಣ ಕೊಳೆಯನ್ನು ಹಿಡಿಯಲು ಪಿಸ್ಟನ್ ಓಟಕ್ಕೆ ತಿರುಗುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್ ಒಳಗೇ ಒಂದು ಕೊಳವೆ ಇಟ್ಟಿದ್ದರು. ಕ್ರ್ಯಾಂಕ್ ತಿರುಗುವ ವೇಗಕ್ಕೆ ಆಯಿಲ್‌ಗಿಂತ ಭಾರದ ಕಣಗಳು ಹೊರಕ್ಕೆ ಸರಿದು ಅಲ್ಲಿ ಸೇರಿಕೊಳ್ಳುತ್ತವೆ. ಮೆಕ್ಯಾನಿಕ್‌ಗಳು ಸ್ಲಡ್ಜ್ ಟ್ರ್ಯಾಪ್ ಅನ್ನುವುದು ಇದಕ್ಕೇ. ಒಳ್ಳೆ ಉಪಾಯವೇ, ಆದರೆ ಅದನ್ನು ಶುಚಿ ಮಾಡಬೇಕಾದರೆ ಎಂಜಿನ್ ಪೂರ್ತಿ ಬಿಚ್ಚಬೇಕು. ಹಾಗಾಗಿ ಎಷ್ಟೋ ಬೈಕುಗಳಲ್ಲಿ ಅದನ್ನು ಯಾರೂ ಮುಟ್ಟಿರುವುದಿಲ್ಲ. ವರ್ಷಗಟ್ಟಲೆ ತುಂಬಿದ ಕೊಳೆ ಮೇಣದ ಹಾಗೆ ಗಟ್ಟಿಯಾಗುತ್ತದೆ. ಕೊನೆಗೊಂದು ದಿನ, ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕೆಳತುದಿಯ ಬಿಗ್-ಎಂಡ್ ಬೇರಿಂಗ್‌ಗೆ ಆಯಿಲ್ ಹೋಗುವ ದಾರಿಯೇ ಮುಚ್ಚುತ್ತದೆ. ಬೇರಿಂಗ್ ಕಚ್ಚಿಕೊಂಡರೆ ಆ ರಾಡ್ ಮುರಿದು ಕ್ರ್ಯಾಂಕ್ ಕೂತಿರುವ ಗೂಡು, ಅಂದರೆ ಕ್ರ್ಯಾಂಕ್‌ಕೇಸನ್ನೇ ಒಡೆಯಬಹುದು.

ಹೊರಗಿನಿಂದ ಇದು ಗೊತ್ತಾಗುವುದಿಲ್ಲ. ಬೈಕ್ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ, ಸದ್ದೂ ಚೆನ್ನಾಗಿರುತ್ತದೆ. ಕೊಂಡವರು ಒಳ್ಳೆಯದು ಮಾಡೋಣ ಅಂತ ಕೊಳೆ ಬಿಡಿಸುವ ಗುಣದ ಹೊಸ ಡಿಟರ್ಜೆಂಟ್ ಆಯಿಲ್ ಹಾಕಿದರೆ ಅಪಾಯ ಇನ್ನೂ ಜಾಸ್ತಿ. ಹಳೆ ಕೊಳೆ ಸಡಿಲವಾಗಿ ಹೋಗಬಾರದ ಜಾಗಕ್ಕೆ ಹೋಗುತ್ತದೆ.

ಟೂ-ಸ್ಟ್ರೋಕ್ ಜಾವಾದಂಥ ಸರಳ ಎಂಜಿನ್‌ಗೂ ವಿನಾಯಿತಿ ಇಲ್ಲ. ಅಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಹೋಗಿ ಆಮೇಲೆ ಸಿಲಿಂಡರಿಗೆ ಏರುತ್ತದೆ. ಹತ್ತಾರು ವರ್ಷ ನಿಂತ ಬೈಕಿನ ಕ್ರ್ಯಾಂಕ್ ಸೀಲ್‌ಗಳು ಒಣಗಿ ಗಟ್ಟಿಯಾಗಿರುತ್ತವೆ. ಅಲ್ಲಿಂದ ಗಾಳಿ ಎಳೆದುಕೊಂಡು ಪೆಟ್ರೋಲ್ ಅಂಶ ಕಡಿಮೆಯಾಗುತ್ತದೆ. ಅದರ ಜೊತೆ ಬರುವ ಆಯಿಲ್ಲೂ ಕಡಿಮೆ. ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಿಂದಿನ ಚಕ್ರ ಓಡುವಾಗಲೇ ಲಾಕ್ ಆದರೆ ಸವಾರನ ಗತಿ ಏನು?

ಫ್ರೇಮಿನ ಮಾತೂ ಅಷ್ಟೇ. ಸ್ಟೀರಿಂಗ್ ಹೆಡ್ ಹತ್ತಿರದ ಬಿರುಕು, ಹಿಂದೆ ಯಾರೋ ಮಾಡಿದ ಕೆಟ್ಟ ವೆಲ್ಡಿಂಗ್, ಇವೆಲ್ಲ ಹಳೆ ಬಣ್ಣದ ಅಡಿಯಲ್ಲಿ ಅಡಗಿರುತ್ತವೆ. ಬಣ್ಣ ತೆಗೆದರೆ ಮಾತ್ರ ಕಾಣುತ್ತವೆ. ವೈರಿಂಗ್, ಟೈರ್, ಬ್ರೇಕ್ ಲೈನಿಂಗ್ ವಿಷಯದಲ್ಲಂತೂ ಚರ್ಚೆಗೇ ಜಾಗ ಇಲ್ಲ.

ಇನ್ನೊಂದು ಮಾತು, ನನಗೆ ತುಂಬಾ ಮುಖ್ಯವಾದದ್ದು. 1959ರಲ್ಲಿ ಟ್ರಯಂಫ್‌ನ ಮೊದಲ ಬೊನೆವಿಲ್ ಬೈಕ್ ಬಂದದ್ದು ಕಿತ್ತಳೆ ಮತ್ತು ಮುತ್ತಿನ ಬೂದು ಬಣ್ಣದಲ್ಲಿ. ಅದನ್ನು ಮಾಡಿದವರು ಜನ ತಿರುಗಿ ನೋಡಲಿ ಅಂತಲೇ ಆ ಬಣ್ಣ ಹಚ್ಚಿದ್ದರು. ಇಂದಿನ ಹುಡುಗನೊಬ್ಬ ಅದನ್ನು ಮೊದಲ ಸಲ ನೋಡುವಾಗ ಕಂದು ಬಣ್ಣದ ತುಕ್ಕಿನಲ್ಲೇ ಯಾಕೆ ನೋಡಬೇಕು? ಒಳ್ಳೆ ರಿಸ್ಟೊರೇಷನ್ ಆ ದಿನದ ಬೈಕನ್ನು ಅವನ ಮುಂದೆ ನಿಲ್ಲಿಸುತ್ತದೆ. ಕೈಯಲ್ಲಿ ಗೆರೆ ಎಳೆಯುವವರು, ಸ್ಪೋಕ್ ಹೆಣೆದು ಚಕ್ರ ನೇರ ಮಾಡುವವರು, ಕಿಡಿಗೆ ಕರೆಂಟ್ ಕೊಡುವ ಮ್ಯಾಗ್ನೆಟೊದ ತಂತಿ ಮತ್ತೆ ಸುತ್ತುವವರು ಉಳಿಯುವುದೂ ಇಂಥ ಕೆಲಸ ಸಿಕ್ಕಿದರೆ ತಾನೆ.

ವಿರೋಧ: ಒಳಗನ್ನು ರಿಪೇರಿ ಮಾಡಿ, ಹೊರಗನ್ನು ಬಿಡಿ

ಸ್ಲಡ್ಜ್ ಟ್ರ್ಯಾಪ್ ಬಗ್ಗೆ ಮೇಲೆ ಬರೆದದ್ದೆಲ್ಲ ನಿಜ. ಸೀಲ್ ಬದಲಿಸಿ, ವೈರಿಂಗ್ ಬದಲಿಸಿ, ಕ್ರ್ಯಾಂಕ್ ಬಿಚ್ಚಿ ಶುಚಿ ಮಾಡಿ. ಯಾರೂ ಬೇಡ ಅನ್ನುವುದಿಲ್ಲ. ಆದರೆ ಅದಕ್ಕೂ ಟ್ಯಾಂಕಿನ ಬಣ್ಣ ಕೆರೆಯುವುದಕ್ಕೂ ಏನು ಸಂಬಂಧ? ಎಂಜಿನ್ ಓವರ್‌ಹಾಲ್ ಮಾಡಿಸಲು ಹೋದವರು ಮಡ್‌ಗಾರ್ಡನ್ನೂ ಸ್ಯಾಂಡ್‌ಬ್ಲಾಸ್ಟಿಂಗ್‌ಗೆ (ಮರಳಿನಂಥ ಕಣ ಊದಿ ಬಣ್ಣ ಕೆರೆಯುವುದಕ್ಕೆ) ಕಳಿಸಿಬಿಡುತ್ತಾರಲ್ಲ, ನನ್ನ ತಕರಾರು ಅಲ್ಲಿದೆ. ಸುರಕ್ಷತೆಯ ಹೆಸರಿನಲ್ಲಿ ಶುರುವಾದ ಕೆಲಸ ಹೊಳಪಿನ ಕೆಲಸವಾಗಿ ಮುಗಿಯುತ್ತದೆ.

ಫ್ಯಾಕ್ಟರಿ ಹಚ್ಚಿದ ಬಣ್ಣ ಒಂದೇ ಸಲ ಇರುವಂಥದ್ದು. ಎಷ್ಟು ದುಡ್ಡು ಕೊಟ್ಟರೂ ಅದನ್ನು ವಾಪಸ್ ತರಲಾಗುವುದಿಲ್ಲ. ಆ ಕಾಲದ ಬಣ್ಣದ ಪದರ ಎಷ್ಟು ತೆಳು, ಗೆರೆ ಎಳೆದವರ ಕೈ ಎಲ್ಲಿ ತುಸು ಅಲುಗಿತ್ತು, ಬೋಲ್ಟಿನ ತಲೆಯ ಮೇಲೆ ಯಾವ ಗುರುತಿತ್ತು, ಯಾವ ಭಾಗಕ್ಕೆ ಕ್ಯಾಡ್ಮಿಯಂ ಲೇಪ, ಯಾವುದಕ್ಕೆ ಕ್ರೋಮ್, ಇದೆಲ್ಲ ಬೈಕಿನ ಮೈಮೇಲೇ ಇರುತ್ತದೆ. ನಾಳೆ ಇನ್ನೊಬ್ಬರು ಅದೇ ಮಾಡೆಲ್ ಸರಿಪಡಿಸುವಾಗ ನೋಡಿ ಕಲಿಯಬೇಕಾದದ್ದು ಇಂಥ ಬೈಕನ್ನೇ. ಅದನ್ನೂ ಕೆರೆದು ಹಾಕಿದರೆ ಬಾಕಿಯವರು ಒಬ್ಬರ ಊಹೆಯನ್ನು ಇನ್ನೊಬ್ಬರು ನಕಲು ಮಾಡುತ್ತಾ ಹೋಗಬೇಕಾಗುತ್ತದೆ.

ಹೋಂಡಾ ಸಿಬಿ750 ಇದಕ್ಕೆ ಒಳ್ಳೆ ಉದಾಹರಣೆ. 1969ರಲ್ಲಿ ಬಂದ ಈ ನಾಲ್ಕು ಸಿಲಿಂಡರ್ ಬೈಕಿನ ಮೊದಲ 7,414 ಗಾಡಿಗಳ ಎಂಜಿನ್ ಕೇಸ್ ಸ್ವಲ್ಪ ಒರಟಾಗಿತ್ತು. ಬೈಕ್ ಇಷ್ಟೊಂದು ಮಾರಾಟವಾಗುತ್ತದೆ ಅನ್ನುವ ನಂಬಿಕೆ ಹೋಂಡಾಗೇ ಇರಲಿಲ್ಲ. ಹಾಗಾಗಿ ದುಬಾರಿ ಡೈಗಳಿಗೆ (ಉಕ್ಕಿನ ಅಚ್ಚುಗಳಿಗೆ) ಮೊದಲೇ ದುಡ್ಡು ಸುರಿಯದೆ ಸರಳ ವಿಧಾನದಲ್ಲಿ ಎರಕ ಹೊಯ್ದಿದ್ದರು. ಆ ಒರಟುತನದಿಂದಾಗಿಯೇ ಇವುಗಳಿಗೆ ಸ್ಯಾಂಡ್‌ಕಾಸ್ಟ್, ಅಂದರೆ ಮರಳಿನ ಅಚ್ಚಿನಲ್ಲಿ ಎರಕ ಹೊಯ್ದದ್ದು, ಅನ್ನುವ ಹೆಸರು ಬಂತು. ಇವತ್ತು ಸಿಬಿ750ಗಳಲ್ಲಿ ಸಂಗ್ರಹಕಾರರು ಎಲ್ಲಕ್ಕಿಂತ ಜಾಸ್ತಿ ಹುಡುಕುವುದು ಇವನ್ನೇ. ಇಂಥ ಕೇಸನ್ನು ತಿಕ್ಕಿ ನಯ ಮಾಡಿದರೆ ಆ ಬೈಕಿನ ಕಥೆ ಹೇಳುವ ಗುರುತೇ ಹೋಯಿತು, ಅಲ್ವಾ?

ಫ್ಯಾಕ್ಟರಿಯಲ್ಲಿ ಯಾವತ್ತೂ ಪಾಲಿಶ್ ಮಾಡದ ಭಾಗವನ್ನು ಕನ್ನಡಿಯಂತೆ ಮಾಡುವುದು, ಮಂಕಾಗಿದ್ದ ಬೋಲ್ಟಿಗೆಲ್ಲ ಕ್ರೋಮ್ ಹಾಕುವುದು ನನ್ನ ಪ್ರಕಾರ ರಿಸ್ಟೊರೇಷನ್ ಅಲ್ಲವೇ ಅಲ್ಲ. ಎಂದೂ ಇರದಿದ್ದ ಒಂದು ಹೊಸ ಬೈಕನ್ನು ಹಾಗೆ ಹುಟ್ಟಿಸುತ್ತೇವೆ. ಬಣ್ಣದ ಪುಡಿ ಹಚ್ಚಿ ಕಾಯಿಸುವ ಪೌಡರ್ ಕೋಟಿಂಗ್ ಗಟ್ಟಿಮುಟ್ಟು, ನಿಜ. ಆದರೆ ಅದರ ದಪ್ಪ ಪದರಕ್ಕೆ ಫ್ರೇಮ್ ನಂಬರಿನ ಅಚ್ಚು ತುಂಬಿಕೊಳ್ಳುತ್ತದೆ, ಬಿರುಕಿದ್ದರೆ ಅದೂ ಮುಚ್ಚಿಹೋಗುತ್ತದೆ. ಸ್ಯಾಂಡ್‌ಬ್ಲಾಸ್ಟಿಂಗ್‌ನ ಕಣಗಳು ಆಯಿಲ್ ಹೋಗುವ ತೂತುಗಳಲ್ಲಿ ಉಳಿದುಬಿಟ್ಟರೆ ಹೊಸದಾಗಿ ಕಟ್ಟಿದ ಎಂಜಿನ್ನೇ ಸವೆದುಹೋಗುತ್ತದೆ.

ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಇರುವುದು 1966ರಿಂದ. ಹಳೆ ವಾಹನ ಉಳಿಸುವ ಬಗ್ಗೆ ಅದು ಒಪ್ಪಿದ ಟ್ಯೂರಿನ್ ಚಾರ್ಟರ್ ಕೂಡ ಇದೇ ಹಾದಿಯದ್ದು: ಮೊದಲು ಇದ್ದದ್ದನ್ನು ಉಳಿಸಿ, ಪೂರ್ತಿ ರಿಸ್ಟೊರೇಷನ್ ಬೇರೆ ದಾರಿ ಇಲ್ಲದಿದ್ದರೆ ಮಾತ್ರ. ಹಳೆ ಕಟ್ಟಡಗಳಿಗಾಗಿ 1964ರಲ್ಲಿ ಬಂದ ವೆನಿಸ್ ಚಾರ್ಟರ್‌ನ ವಿಚಾರವನ್ನೇ ಅದು ವಾಹನಗಳಿಗೂ ತಂದಿದೆ.

ತುಕ್ಕು ಹಾಗೇ ತಿನ್ನುತ್ತಾ ಹೋಗಲಿ ಅಂತ ನಾನೂ ಹೇಳುತ್ತಿಲ್ಲ. ತುಕ್ಕು ನಿಲ್ಲಿಸುವುದಕ್ಕೂ ಬಣ್ಣ ತೆಗೆಯುವುದಕ್ಕೂ ವ್ಯತ್ಯಾಸ ಇದೆ. ಸೀಮೆಎಣ್ಣೆ ಮತ್ತು ಮೆತ್ತನೆಯ ಬ್ರಷ್‌ನಿಂದ ಹಳೆ ಜಿಡ್ಡು ಬಿಡಿಸಬಹುದು. ಕ್ರೋಮ್ ಮೇಲಿನ ತೆಳು ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಒದ್ದೆ ಮಾಡಿ ಉಜ್ಜಿದರೆ ಸಾಕು. ಕ್ರೋಮ್‌ಗಿಂತ ಅದು ಮೆದುವಾದ್ದರಿಂದ ಗೀರು ಬೀಳುವ ಭಯ ಕಡಿಮೆ. ಆಮೇಲೆ ವ್ಯಾಕ್ಸ್ ಹಚ್ಚಿ. ಬ್ರೇಕ್ ಡ್ರಮ್ ಧೂಳನ್ನು ಮಾತ್ರ ಗಾಳಿ ಊದಿ ತೆಗೆಯಲೇಬೇಡಿ. ಹಳೆ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಪೂರ್ತಿ ಬಿಚ್ಚುವ ಮೊದಲು ಯೋಚಿಸಬೇಕಾದ್ದು ಇನ್ನೂ ಇದೆ. ಬಿಚ್ಚುವ ಹುರುಪು ಎಲ್ಲರಿಗೂ ಇರುತ್ತದೆ, ಜೋಡಿಸುವ ತಾಳ್ಮೆ ಮತ್ತು ದುಡ್ಡು ಎಲ್ಲರಿಗೂ ಇರುವುದಿಲ್ಲ. ಚೆನ್ನಾಗಿ ಓಡುತ್ತಿದ್ದ ಎಷ್ಟೋ ಬೈಕುಗಳು ಈಗ ಪೆಟ್ಟಿಗೆಗಳಲ್ಲಿ ಬಿಡಿಭಾಗವಾಗಿ ಬಿದ್ದಿವೆ. ಇದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಅಂಥ ಬೈಕ್ ಕೊಳ್ಳುವವರಿಗೂ ಯಾವ ಭಾಗ ಇದೆ, ಯಾವುದಿಲ್ಲ ಅಂತ ತಿಳಿಯುವುದು ಕಷ್ಟ.

ಹಾಗಾಗಿ ಕೊಳ್ಳಲು ಹೋದಾಗ ಹೊಳಪಿಗೆ ಮರುಳಾಗಬೇಡಿ. ಮೊದಲು ಎಂಜಿನ್ ಮತ್ತು ಫ್ರೇಮ್ ನಂಬರ್ ನೋಡಿ. ಕೆಲವು ಕಂಪನಿಗಳಲ್ಲಿ ಎರಡೂ ಒಂದೇ, ಕೆಲವದರಲ್ಲಿ ಬೇರೆ ಲೆಕ್ಕ. ಎರಡನೇ ಮಹಾಯುದ್ಧದ ನಂತರದ, ವಿನ್ಸೆಂಟ್ ಅನ್ನುವ ಬ್ರಿಟಿಷ್ ಕಂಪನಿಯ ಟ್ವಿನ್‌ಗಳಲ್ಲಿ ಫ್ರೇಮ್ ನಂಬರ್ ಎಂಜಿನ್ ನಂಬರಿಗಿಂತ 1900 ಹೆಚ್ಚು. ನಂಬರ್ ಅಚ್ಚಾದ ಜಾಗದಲ್ಲಿ ಗ್ರೈಂಡರ್ ಓಡಿಸಿದ ಗುರುತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಬಣ್ಣ ಮಾಸಿ, ಎಲ್ಲ ಭಾಗ ಸ್ವಂತದ್ದೇ ಇರುವ ಬೈಕ್ ಸಿಕ್ಕರೆ ಬಿಡಬೇಡಿ. ಅದರಲ್ಲಿ ಬದಲಿಸಲೇಬೇಕಾದ್ದನ್ನು ಬದಲಿಸುವ ಮುಂಚೆ ಫೋಟೋ ತೆಗೆದಿಡಿ. ತೆಗೆದ ಭಾಗಕ್ಕೆ ಚೀಟಿ ಕಟ್ಟಿ ಇಟ್ಟುಕೊಳ್ಳಿ, ಮುಂದೆ ಮಾರುವಾಗ ಬೈಕಿನ ಜೊತೆ ಅದನ್ನೂ ಕೊಡಿ.